ಹದಿನಾಲ್ಕಾಣೆ

ಅನಂತಸ್ವಾಮಿಯವರ ಆ ದಿನದ ಕಷ್ಟಕ್ಕೆಲ್ಲ ಮೂಲ, ಹಿಂದಿನ ಸಂಜೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕುಡಿದ ಒಂದು ಲೋಟ ಕಾಫಿ. ಕಾಫಿಗೆ ಒಂದಾಣೆ. ಅವರು ಕೊಟ್ಟದ್ದು ಐದು ರೂಪಾಯಿ ನೋಟು. ಚಿಲ್ಲರೆ ತರುತ್ತೇನೆಂದು ಹೋದ ಕಾಫಿಯವನು ತಿರುಗಿ ಬರುವುದರೊಳಗೆ ರೈಲು ಹೊರಟಿತು. ಪಾಪ, ಅವನು ಪ್ಲಾಟ್‌ಫಾರಂ ತುದಿಯವರೆಗೂ ಓಡಿ ಬಂದು, ಎಲ್ಲೂ ಸಿಗಲಿಲ್ಲವೆಂದು ಬರಿಗೈ ಅಲ್ಲಾಡಿಸಿದ. ಅನಂತಸ್ವಾಮಿಯವರ ಹತ್ತಿರ ಉಳಿದದ್ದು ನೂರು ರೂಪಾಯಿಯ ಒಂದೇ ಒಂದು ನೋಟು.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಮಲಗಿಬಿಡುತ್ತಿದ್ದರು. ಇವರಿಗೆ ನಿದ್ದೆ ಬರಲಿಲ್ಲ. ಏಕೆಂದರೆ ದೇಶದಲ್ಲಿ ಚಿಲ್ಲರೆಯ ಅಭಾವವೇ ಇಲ್ಲವೆಂದು ಹೋದ ತಿಂಗಳಷ್ಟೇ ನಲವತ್ತೆರಡು ಪುಟ ಬರೆದು ಸಾಧಿಸಿದ್ದವರು ಇವರೇ.

ಅವರ ಏಳಿಗೆಯೆಲ್ಲ ಚಿಲ್ಲರೆಯಿಂದಲೇ ಆದದ್ದು. ಬೇಲೂರಿನ ದೇವಸ್ಥಾನದ ಬೀದಿಯ ಹುಡುಗ. ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ ಒಂದು ಕಾಲಾಣೆಗೆ ಅರದಿಂದ ಗುರುತು ಮಾಡಿ, ಜಾವಗಲ್ ಸಂತೆಯಲ್ಲಿ ವೀಳ್ಯದೆಲೆಯವಳ ಕೈಗೆ ಕೊಟ್ಟು, ಇಡೀ ದಿನ ಆ ಕಾಲಾಣೆಯ ಬೆನ್ನು ಹತ್ತಿದರು. ಅದು ಹನ್ನೊಂದು ಕೈ ದಾಟಿ ಸಂಜೆಗೆ ಹೆಂಡದಂಗಡಿ ಸೇರಿತು. ಇವರು ಅದನ್ನೇ ಪ್ರಬಂಧವಾಗಿ ಬರೆದು ಬೊಂಬಾಯಿಯ ಕಾಲೇಜು ಸೇರಿದರು. ಹಣ ಓಡಾಡುವುದನ್ನು ಹಿಂದೆ ಹಿಂದೆ ನಡೆದು ನೋಡಿದ ವಿದ್ವಾಂಸರು ಪ್ರಪಂಚದಲ್ಲಿ ಬೇರೊಬ್ಬರಿಲ್ಲ ಎಂದು ಹೆಸರಾಯಿತು. ನೋಟು ಹೊರಡಿಸುವ ದೊಡ್ಡ ಬ್ಯಾಂಕಿನವರು ಅವರನ್ನು ಕರೆದು ಕುರ್ಚಿ ಕೊಟ್ಟರು. ಅದು ನಾವು ನೀವು ಹೋಗಿ ದುಡ್ಡು ಕಟ್ಟುವಂಥ ಬ್ಯಾಂಕಲ್ಲ, ಉಳಿದ ಬ್ಯಾಂಕುಗಳಿಗೆ ಬುದ್ಧಿ ಹೇಳುವ ಬ್ಯಾಂಕು. ಆರೇಳು ವರ್ಷದಲ್ಲಿ ಅವರ ಕುರ್ಚಿ ಒಂದೊಂದೇ ಮಹಡಿ ಏರುತ್ತ, ಇನ್ನೊಂದು ಏರಿದರೆ ಡೆಪ್ಯುಟಿ ಗವರ್ನರರ ಕೋಣೆ ಎಂಬಲ್ಲಿಗೆ ಬಂದು ನಿಂತಿತ್ತು.

ಅಷ್ಟರಲ್ಲಿ ಯುದ್ಧ ಬಂತು. ಸೀಮೆಎಣ್ಣೆ ಹೋಯಿತು, ಅಕ್ಕಿ ಹೋಯಿತು, ಕೊನೆಗೆ ಆಣೆ ಕಾಲಾಣೆಗಳೂ ಕಣ್ಮರೆಯಾದವು. ಟಂಕಸಾಲೆ ಎರಡರಷ್ಟು ನಾಣ್ಯ ಹೊಡೆದು ಸುರಿದರೂ ಮರಳಿಗೆ ಬಿದ್ದ ನೀರಿನಂತೆ ಇಂಗಿಹೋದವು. ಅನಂತಸ್ವಾಮಿ ಬರೆದರು: ನಾಣ್ಯಗಳು ಹುಟ್ಟಿರುವುದು ನಿಜವಾದರೆ ಎಲ್ಲೋ ಇರಲೇಬೇಕು; ಆದ್ದರಿಂದ ಅಭಾವವಿಲ್ಲ, ಅಭಾವದ ಭಾವನೆ ಮಾತ್ರ ಇದೆ; ಬಚ್ಚಿಟ್ಟವರು ಲಾಭಕೋರ ವ್ಯಾಪಾರಿಗಳು. ಹೆಂಗಸರ ಬಳಿ, ದೇವರ ಹೆಸರಿನಲ್ಲಿ ನಿಂತಿರುವ ಚಿಲ್ಲರೆ ಎಷ್ಟು ಎಂಬುದಕ್ಕೆ ಮೂವತ್ತೇಳನೆಯ ಪುಟದಲ್ಲಿ ಒಂದೇ ಸಾಲು ಇತ್ತು: ‘ಗಣನೆಗೆ ತೆಗೆದುಕೊಳ್ಳುವಷ್ಟಿಲ್ಲ.’ ಅವರ ಮಾತಿನ ಮೇಲೆ ಹೋದ ವಾರ ಕಾಯಿದೆಯೂ ಹೊರಟಿತು. ಹತ್ತು ರೂಪಾಯಿಗಿಂತ ಹೆಚ್ಚು ಚಿಲ್ಲರೆ ಇಟ್ಟುಕೊಂಡವರಿಗೆ ಮೂರು ವರ್ಷ ಜೈಲು, ಸುಳಿವು ಕೊಟ್ಟವರಿಗೆ ಐವತ್ತು ರೂಪಾಯಿ ಬಹುಮಾನ. ಮುಂದಿನ ಸೋಮವಾರ ಆ ನಲವತ್ತೆರಡು ಪುಟವನ್ನು ಸಭೆಯ ಮುಂದೆ ಓದಿದರೆ ಮೇಲಿನ ಮಹಡಿ ಸಿಕ್ಕಿದಂತೆಯೇ. ಪುಟಗಳು ಅವರ ಚರ್ಮದ ಚೀಲದಲ್ಲಿದ್ದವು.

ಇದರ ನಡುವೆ ತಾಯಿ ಯದುಗಿರಮ್ಮನವರ ಕಾಗದ ಬಂದಿತ್ತು. ತಂದೆ ತೀರಿಕೊಂಡು ಹನ್ನೊಂದು ವರ್ಷ. ಇವರೊಬ್ಬರೇ ಮಗ. ಪ್ರತಿ ವರ್ಷವೂ ಶ್ರಾದ್ಧದ ದಿನಕ್ಕೆ ಸರಿಯಾಗಿ ಒಂದು ಕಮಿಟಿ ಬೀಳುತ್ತಿತ್ತು. ಬೊಂಬಾಯಿಯ ಮಠದಲ್ಲೇ ಹೇಗೋ ಮುಗಿಸಿಬಿಡುತ್ತಿದ್ದರು. ಈ ಸಲದ ಕಾಗದದಲ್ಲಿ ಕ್ಷೇಮಸಮಾಚಾರ ಇರಲಿಲ್ಲ. “ಇನ್ನು ಹದಿನೈದು ದಿನಕ್ಕೆ ನಿನ್ನ ತಂದೆಯ ತಿಥಿ. ಈ ವರ್ಷವೂ ಬಾರದಿದ್ದರೆ ನನ್ನದಕ್ಕೂ ಬರಬೇಡ” ಎಂದು ಎರಡೇ ಸಾಲು. ಗವರ್ನರರಿಗೂ ಹೆದರದ ಅನಂತಸ್ವಾಮಿ ಆ ಎರಡು ಸಾಲಿಗೆ ಹೆದರಿ ರಜ ಬರೆದು ಹೊರಟಿದ್ದರು.

ಬೆಳಿಗ್ಗೆ ಆರು ಗಂಟೆಗೆ ಅರಸೀಕೆರೆಯಲ್ಲಿ ಇಳಿದರು. ಮಧ್ಯಾಹ್ನದ ಹೊತ್ತಿಗೆ ಬೇಲೂರು ಸೇರಬೇಕು, ಶ್ರಾದ್ಧ ಮುಗಿಯುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಸ್ಟೇಷನ್ನಿನ ಹೊರಗೆ ಇದ್ದಿಲ ಬಸ್ಸು ನಿಂತಿತ್ತು. ಪೆಟ್ರೋಲಿಗೆ ಯುದ್ಧದಲ್ಲಿ ಬೇರೆ ಕೆಲಸವಿದ್ದುದರಿಂದ, ಬಸ್ಸಿನ ಬೆನ್ನಿಗೆ ಪೀಪಾಯಿಯಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಪಕ್ಕದ ಹಿಡಿ ತಿರುಗಿಸಿ ಗಾಳಿ ಊದಿ, ಆ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಸ್ವಲ್ಪ ಹೆಚ್ಚಿನ ಮಾತು.

“ಬೇಲೂರಿಗೆ ಎಷ್ಟಪ್ಪ?”

“ಹದಿನಾಲ್ಕಾಣೆ ಬುದ್ಧಿ” ಎಂದ ಕಂಡಕ್ಟರ್ ಪುಟ್ಟಯ್ಯ.

ಅನಂತಸ್ವಾಮಿ ನೋಟು ತೆಗೆದರು. ಪುಟ್ಟಯ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ. ಆಮೇಲೆ ಬಸ್ಸಿನೊಳಗಿದ್ದವರಿಗೂ ನೋಡಲು ಕೊಟ್ಟ. ನೋಟು ಒಂದು ಸುತ್ತು ಹೋಗಿ ಬಂತು. ಒಬ್ಬ ಮುದುಕ ಅದನ್ನು ಕಣ್ಣಿಗೊತ್ತಿಕೊಂಡ.

“ನೂರು ರೂಪಾಯ್ದು! ಈ ಬಸ್ಸನ್ನೇ ಮಾರಿದ್ರೂ ಇದಕ್ಕೆ ಚಿಲ್ಲರೆ ಹುಟ್ಟಾಕಿಲ್ಲ ಬುದ್ಧಿ.”

“ಚಿಲ್ಲರೆ ಇಲ್ಲ ಅನ್ನಬೇಡಪ್ಪ. ಇದೆ, ಬಚ್ಚಿಟ್ಟಿದ್ದಾರೆ ಅಷ್ಟೆ. ನನಗೆ ಗೊತ್ತು. ಈ ನೋಟು ಹೊರಡಿಸೋ ಬ್ಯಾಂಕಿನಲ್ಲೇ ನಾನು ಇರೋದು.”

“ನೀವೇ ಅಚ್ಚಾಕೋದಾ?”

“ನಾನು ಅಂತಲ್ಲ, ನಮ್ಮ ಬ್ಯಾಂಕು.”

“ಅಂಗಾದ್ರೆ ಬರೋವಾಗ ನಾಕು ಚಿಕ್ಕ ನೋಟೂ ಅಚ್ಚಾಕ್ಕೊಂಡು ಬರಬಾರದಾಗಿತ್ತಾ?” ಪುಟ್ಟಯ್ಯನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

ಅರಸೀಕೆರೆಯ ನೆಂಟರ ಮನೆಯಿಂದ ಹೊರಟು ಮುಂದಿನ ಸೀಟಿನಲ್ಲಿ ಕೂತಿದ್ದ ಹುಲಿಕೆರೆಯ ಬೀರಮ್ಮ ಇತ್ತ ತಿರುಗಿದಾಗ ಅವಳ ಮಡಿಲಲ್ಲಿ ಏನೋ ಗಲ್ ಎಂದಿತು. ಆ ಸದ್ದು ಅನಂತಸ್ವಾಮಿಗೆ ತಿಳಿಯದ್ದಲ್ಲ.

“ನಿನ್ನ ಹತ್ತಿರ ಚಿಲ್ಲರೆ ಇದೆಯಲ್ಲಮ್ಮ!”

“ಇದು ನಂದಲ್ಲ ಬುದ್ಧಿ, ತಿಮ್ಮಪ್ಪಂದು” ಎಂದು ಬೀರಮ್ಮ ಅರಿಶಿನದ ಬಟ್ಟೆಯ ಗಂಟೊಂದನ್ನು ತೋರಿಸಿದಳು. “ಮಗನ ಹೆಸರಲ್ಲಿ ಕಟ್ಟಿರೋ ಮುಡಿಪು. ಬೇಲೂರಲ್ಲಿ ಯಾರಾನ ತಿರುಪ್ತಿಗೆ ಹೋಗೋರಿದ್ರೆ ಅವರ ಕೈಲಿ ಕಳಿಸಾನ ಅಂತ ಹೊಂಟಿವ್ನಿ.”

“ಎಷ್ಟಿದೆ?” ಎಂದು ಅಭ್ಯಾಸಬಲದಿಂದ ಕೇಳಿದರು.

“ಮುಡಿಪು ಎಣಿಸಬಾರದು ಬುದ್ಧಿ.”

ಗಣನೆಗೆ ತೆಗೆದುಕೊಳ್ಳುವಷ್ಟಿಲ್ಲ ಎಂದುಕೊಂಡು ಅನಂತಸ್ವಾಮಿ ಮತ್ತೆ ಪುಟ್ಟಯ್ಯನ ಕಡೆ ತಿರುಗಿದರು.

ಕೊನೆಗೆ ಪುಟ್ಟಯ್ಯನೇ ಒಂದು ದಾರಿ ಹೇಳಿದ. ಚರ್ಮದ ಚೀಲ ಅವನ ಹತ್ತಿರ ಇರಲಿ, ಬೇಲೂರಿನಲ್ಲಿ ಹದಿನಾಲ್ಕಾಣೆ ಕೊಟ್ಟು ಬಿಡಿಸಿಕೊಳ್ಳಲಿ. “ಚಿಲ್ಲರೆ ಇಲ್ಲದೋರು ಗ್ಯಾಸಿನ ಹಿಡಿ ತಿರುಗಿಸ್ಬೇಕು ಬುದ್ಧಿ. ಅದು ಈ ಬಸ್ಸಿನ ರೂಲು.”

ರೂಲು ಎಂದ ಮೇಲೆ ಅನಂತಸ್ವಾಮಿ ಎದುರಾಡಲಿಲ್ಲ. ಕೋಟು ಬಿಚ್ಚಿ ಹಿಡಿ ತಿರುಗಿಸಿದರು. ಹೊಗೆ ಬಂತು, ಕಿಡಿ ಬಂತು, ಅರ್ಧ ಗಂಟೆಯ ಮೇಲೆ ಬಸ್ಸಿಗೆ ಜೀವವೂ ಬಂತು. ಏರು ಸಿಕ್ಕಿದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು, ಇವರು ಇಳಿದು ತಿರುಗಿಸುತ್ತಿದ್ದರು. ತಿರುಗಿಸುತ್ತಲೇ ಪುಟ್ಟಯ್ಯನಿಗೆ ಹೊಸ ಕಾಯಿದೆಯನ್ನು ವಿವರಿಸಿದರು. ಪಾಠ ಹೇಳುವುದೆಂದರೆ ಅವರಿಗೆ ಹಸಿವು ಮರೆಯುತ್ತಿತ್ತು.

“ಕಾಸು ಬಚ್ಚಿಟ್ಟೋರನ್ನ ಹಿಡಿದುಕೊಟ್ರೆ ಐವತ್ತು ರೂಪಾಯಾ?” ಎಂದು ಪುಟ್ಟಯ್ಯ ಕೇಳಿದ.

“ಐವತ್ತು.”

ಇನ್ನೊಂದು ಏರಿನಲ್ಲಿ ಮತ್ತೆ ಕೇಳಿದ. “ಯಾರೇ ಆಗಿದ್ರೂನಾ?”

“ಯಾರೇ ಆಗಿರಲಿ, ಯಾವ ಉದ್ದೇಶಕ್ಕೇ ಇಟ್ಟಿರಲಿ. ಆ ಮಾತನ್ನ ಸೇರಿಸಿದವನೇ ನಾನು” ಎಂದು ಅನಂತಸ್ವಾಮಿ ಹೆಮ್ಮೆಯಿಂದ ಹೇಳಿದರು.

ಜಾವಗಲ್ಲಿನಲ್ಲಿ ಇದ್ದಿಲು ತುಂಬಲು ಬಸ್ಸು ನಿಂತಿತು. ಎದುರಿಗೇ ನಂಜುಂಡಯ್ಯನವರ ತೆಂಗಿನಕಾಯಿ ಮಂಡಿ. ಅನಂತಸ್ವಾಮಿ ಒಳಗೆ ಹೋಗಿ ನೋಟು ಮುಂದಿಟ್ಟರು.

“ಅದಕ್ಕೇನು ಸ್ವಾಮಿ, ಕೊಡೋಣ” ಎಂದು ನಂಜುಂಡಯ್ಯನವರು ಗಲ್ಲಾಪೆಟ್ಟಿಗೆಯಿಂದ ರಟ್ಟಿನ ತುಂಡುಗಳ ಕಟ್ಟೊಂದನ್ನು ತೆಗೆದರು. ಒಂದೊಂದರ ಮೇಲೂ ತೆಂಗಿನಕಾಯಿಯ ಮುದ್ರೆ; ಕೆಳಗೆ ‘ನಾಲ್ಕಾಣೆ’, ‘ಎಂಟಾಣೆ’ ಎಂದು ಬರೆದು ಅವರ ರುಜು.

“ಇದೇನು?”

“ನನ್ನ ಚೀಟಿ. ಜಾವಗಲ್ಲಿಂದ ಬೇಲೂರಿನ ತನಕ ಎಲ್ಲಿ ಬೇಕಾದ್ರೂ ನಡೀತದೆ. ಏನು ಮಾಡೋದು ಹೇಳಿ? ಗಲ್ಲಕ್ಕೆ ಬಿದ್ದ ಕಾಸು ಬೆಳಗಾಗೋದ್ರೊಳಗೆ ಮಾಯ! ಮನೆಗೆ ಕಳ್ಳ ಬರಲ್ಲ, ಹೊರಗಿನೋರು ಕಾಲಿಡಲ್ಲ. ಎಲ್ಲಿಗೆ ಹೋಗ್ತದೋ ಆ ಶಿವನಿಗೇ ಗೊತ್ತು.”

ಅನಂತಸ್ವಾಮಿಯ ಮುಖ ಗಂಭೀರವಾಯಿತು. “ನೋಡಿ ನಂಜುಂಡಯ್ಯನವರೇ, ನೋಟು ಹೊರಡಿಸೋ ಹಕ್ಕು ಈ ದೇಶದಲ್ಲಿ ಇರೋದು ನಮ್ಮ ಬ್ಯಾಂಕಿಗೆ. ಇದು ಅಪರಾಧವಾಗುತ್ತೆ.”

ನಂಜುಂಡಯ್ಯನವರು ಕೋಪಿಸಿಕೊಳ್ಳಲಿಲ್ಲ. “ಬೆಳಿಗ್ಗೆಯಿಂದ ನಿಮ್ಮ ನೋಟು ಯಾರಾದ್ರೂ ತಗೊಂಡ್ರಾ?”

“ಇಲ್ಲ.”

“ನನ್ನ ಚೀಟಿ ಬೇಡ ಅಂದೋರು ಇವತ್ತಿನವರೆಗೆ ನೀವೊಬ್ಬರೇ. ಈಗ ನೀವೇ ಹೇಳಿ, ಬ್ಯಾಂಕು ಯಾವುದು?”

ಅನಂತಸ್ವಾಮಿ ನೋಟನ್ನು ಮಡಿಸಿ ಇಟ್ಟುಕೊಂಡರು. ಚೀಟಿ ಮುಟ್ಟದೆ ಎದ್ದು ಬಂದರು. ಪುಟ್ಟಯ್ಯನಿಗೆ ಬೇಸರವಾಯಿತು. “ನಂಜುಂಡಯ್ಯೋರ ಚೀಟಿ ತಂದಿದ್ರೆ ಒಳಗೆ ಕುಂತ್ಕೊಂಡು ಬರಬಹುದಾಗಿತ್ತಲ್ಲ ಬುದ್ಧಿ” ಎಂದು ಹಿಡಿಯನ್ನು ಅವರ ಕೈಗೆ ಕೊಟ್ಟ.

ಹಳೇಬೀಡು ದಾಟುವ ಹೊತ್ತಿಗೆ ಸೂರ್ಯ ನೆತ್ತಿಯಿಂದ ವಾಲಿದ್ದ. ಬೇಲೂರಿನಲ್ಲಿ ಇಳಿದಾಗ ಎರಡೂವರೆ. “ಸಂಜೆ ಮನೆ ತಾವ ಬತ್ತೀನಿ, ಹದಿನಾಲ್ಕಾಣೆ ಮಡಗಿರಿ” ಎಂದು ಪುಟ್ಟಯ್ಯ ಚೀಲ ಹಿಡಿದುಕೊಂಡು ಹೋದ. ಅನಂತಸ್ವಾಮಿ ದೇವಸ್ಥಾನದ ಬೀದಿಯಲ್ಲಿ ಓಡಿದರು. ಬಾಗಿಲಲ್ಲೇ ನಿಂತಿದ್ದ ಯದುಗಿರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಇವತ್ತು ಇದ್ದಿಲು ಬೇಡಪ್ಪ, ಮುಂದಕ್ಕೆ ಹೋಗು. ಮನೇಲಿ ತಿಥಿ. ನನ್ನ ಮಗ ಬರ್ತಾನೆ.”

“ಅಮ್ಮ, ನಾನು.”

ಯದುಗಿರಮ್ಮ ಹತ್ತಿರ ಬಂದು ಮುಖ ನೋಡಿದರು. ಮಡಿಯಲ್ಲಿದ್ದುದರಿಂದ ಮುಟ್ಟಲಿಲ್ಲ. “ಬಾವಿ ಹತ್ತಿರ ನೀರು ಇದೆ, ಹೋಗು” ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ನಡೆದರು.

ಪುರೋಹಿತ ಗೋಪಾಲಸ್ವಾಮಿ ಚಿಕ್ಕಪ್ಪನ ಮಗ. ಹಸಿದಿದ್ದನಾದ್ದರಿಂದ ಮಂತ್ರಗಳು ಬೇಗ ಬೇಗ ಬಂದವು. ಬ್ರಾಹ್ಮಣರ ಊಟವಾಗಿ ದಕ್ಷಿಣೆಯ ಹೊತ್ತು ಬಂದಾಗ ಯದುಗಿರಮ್ಮ ತಟ್ಟೆಯಲ್ಲಿ ವೀಳ್ಯದ ಜೊತೆಗೆ ನಾಲ್ಕು ರಟ್ಟಿನ ತುಂಡುಗಳನ್ನಿಟ್ಟು ಮಗನ ಮುಂದಿಟ್ಟರು. ಮೇಲೆ ತೆಂಗಿನಕಾಯಿಯ ಮುದ್ರೆ.

“ಅಮ್ಮ, ಇದು ನಡೆಯೋ ಹಣ ಅಲ್ಲ.”

“ನಡೆಯುತ್ತೆ ಕೊಡೋ” ಎಂದ ಗೋಪಾಲಸ್ವಾಮಿ, ಕೈ ಚಾಚಿಕೊಂಡೇ.

ತಂದೆಯ ಸಾಕ್ಷಿಯಾಗಿ ಅನಂತಸ್ವಾಮಿ ಆ ನಾಲ್ಕೂ ಚೀಟಿಗಳನ್ನು ನೀರು ಬಿಟ್ಟು ದಾನ ಮಾಡಿದರು. ಆಮೇಲೆ ಊಟಕ್ಕೆ ಕೂತರು. ಎರಡು ತುತ್ತು ಒಳಗೆ ಹೋದ ಮೇಲೆ ಪುಟ್ಟಯ್ಯನ ನೆನಪಾಯಿತು.

“ಅಮ್ಮ, ಬಸ್ಸಿನವನಿಗೆ ಹದಿನಾಲ್ಕಾಣೆ ಕೊಡಬೇಕು. ಮನೇಲಿ ಚಿಲ್ಲರೆ ಏನಾದರೂ ಇದೆಯಾ?”

“ಇದ್ದ ಚೀಟಿಯೆಲ್ಲ ದಕ್ಷಿಣೆಗೆ ಹೋಯ್ತು. ಕಾಸಂತೂ ಒಂದೂ ಇಲ್ಲ” ಎಂದವರು, ಕೈ ತೊಳೆದು ಬಂದ ಮಗನನ್ನು ದೇವರ ಮನೆಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಮುಚ್ಚಿಟ್ಟಿದ್ದ ದೊಡ್ಡ ಹಿತ್ತಾಳೆ ತಪ್ಪಲೆಯ ಮುಚ್ಚಳ ತೆಗೆದರು. ಅದರ ತುಂಬ ಅರಿಶಿನದ ಬಟ್ಟೆಯ ಗಂಟುಗಳಿದ್ದವು.

“ಇದೇನಮ್ಮ?”

“ಮುಡಿಪು. ನಿನ್ನದೇ. ನಿನ್ನ ತಂದೆ ತಿಥಿಗೆ ನೀನು ಮನೆಗೆ ಬರೋವರೆಗೂ ದಿನಕ್ಕೊಂದು ಕಾಲಾಣೆ ತೆಗೆದಿಡ್ತೀನಿ ಅಂತ ಶ್ರೀನಿವಾಸನಿಗೆ ಹೇಳಿಕೊಂಡಿದ್ದೆ. ಒಂದು ವರ್ಷಕ್ಕೆ ಬಂದುಬಿಡ್ತೀಯ ಅಂದುಕೊಂಡಿದ್ದೆ ಕಣೋ.”

ಅನಂತಸ್ವಾಮಿ ಮನಸ್ಸಿನಲ್ಲೇ ಗುಣಿಸಿದರು. ಹನ್ನೊಂದು ವರ್ಷ, ನಾಲ್ಕು ಸಾವಿರದ ಮೇಲೆ ಕಾಲಾಣೆ. ಅಷ್ಟೂ ದಿನ ಬೆಳಿಗ್ಗೆ ಎದ್ದು ಈ ಹೆಂಗಸು ಬಾಗಿಲ ಕಡೆ ನೋಡಿ, ಒಂದು ಕಾಲಾಣೆ ಗಂಟಿಗೆ ಹಾಕಿದ್ದಾಳೆ. ಅಷ್ಟೂ ದಿನ ತಾವು ಬೊಂಬಾಯಿಯಲ್ಲಿ ಕೂತು ಕಾಲಾಣೆಗಳು ಎಲ್ಲಿಗೆ ಹೋದವೆಂದು ಲೆಕ್ಕ ಹಾಕಿದ್ದಾರೆ. ಅವರು ತಪ್ಪಲೆಯ ಮುಂದೆ ಹಾಗೇ ಕೂತುಬಿಟ್ಟರು.

“ಊರವರಿಗೆ ಇದೆಲ್ಲ ಏನು ಗೊತ್ತು?” ಎಂದು ಯದುಗಿರಮ್ಮ ಮುಂದುವರಿಸಿದರು. “ಯದುಗಿರಮ್ಮ ಮುಡಿಪು ಕಟ್ಟಿದ್ದಕ್ಕೇ ಅವಳ ಮಗ ಬೊಂಬಾಯಲ್ಲಿ ಮೇಲೆ ಮೇಲೆ ಹೋದ ಅಂದುಕೊಂಡ್ರು. ಈಗ ಬೇಲೂರಲ್ಲಿ ಗಂಡುಮಗನ ಹೆಸರಲ್ಲಿ ದಿನಾ ಕಾಸು ಕಟ್ಟದ ತಾಯಿ ಇಲ್ಲ. ಹಳೇಬೀಡು, ಹುಲಿಕೆರೆ, ಜಾವಗಲ್ ತನಕ ಹಬ್ಬಿದೆ. ಆ ಮಂಡಿ ನಂಜುಂಡಯ್ಯನ ಹೆಂಡತಿ ಬಸಮ್ಮ ಶಿವಭಕ್ತೆ, ಅವಳೂ ಕಟ್ಟುತಾಳಂತೆ. ಇಬ್ಬರು ಮಕ್ಕಳು ಅಂತ ದಿನಕ್ಕೆ ಎರಡು. ಗಂಡನಿಗೆ ಹೇಳಿಲ್ಲವಂತೆ.”

ಮೂರು ಹೋಬಳಿಯ ಚಿಲ್ಲರೆ ಎಲ್ಲಿಗೆ ಹೋಯಿತೆಂಬುದು ಅನಂತಸ್ವಾಮಿಗೆ ಆ ಕ್ಷಣದಲ್ಲಿ ತಿಳಿಯಿತು. ತಾವು ಮೇಲೆ ಮೇಲೆ ಹೋದಂತೆಲ್ಲ ಅದು ಒಳಗೊಳಗೆ ಹೋಗಿತ್ತು. ಮೂವತ್ತೇಳನೆಯ ಪುಟ ಕಣ್ಣ ಮುಂದೆ ಬಂತು.

“ಅಮ್ಮ, ಇದನ್ನ ಬಿಚ್ಚಿ, ಬದಲಿಗೆ ನನ್ನ ನೂರು ರೂಪಾಯಿ ನೋಟು ಇಡೋಣ. ದೇವರಿಗೆ ಲಾಭವೇ.”

“ಮುಡಿಪು ಬಿಚ್ಚೋದುಂಟೇನೋ? ಕಟ್ಟಿದ ಕಾಸೇ ಹುಂಡಿಗೆ ಬೀಳಬೇಕು. ಇದು ನೀನು ಬರಲಿ ಅಂತ ಕಟ್ಟಿದ್ದು, ನೀನೇ ಹೊತ್ತುಕೊಂಡು ಹೋಗಿ ಹಾಕಬೇಕು. ನೀನು ಬಂದೆ, ಹರಕೆ ತೀರಿತು. ರಜ ಇನ್ನೂ ನಾಲ್ಕು ದಿನ ಇದೆಯಲ್ಲ, ನಾಳೆ ಬೆಳಿಗ್ಗೆ ತಿರುಪತಿಗೆ ಹೊರಡು.”

ಹತ್ತು ರೂಪಾಯಿಗಿಂತ ಹೆಚ್ಚು ಚಿಲ್ಲರೆ. ಮೂರು ವರ್ಷ. ಯಾವ ಉದ್ದೇಶಕ್ಕೇ ಆಗಿರಲಿ. ಅನಂತಸ್ವಾಮಿ ಬಾಯಿ ತೆರೆದರು. ತಾಯಿಯ ಮುಖದಲ್ಲಿ ಹನ್ನೊಂದು ವರ್ಷದ ಮೇಲೆ ಬಂದ ನಗು ನೋಡಿ ಬಾಯಿ ಮುಚ್ಚಿದರು. ಅರವತ್ತು ಚಿಲ್ಲರೆ ರೂಪಾಯಿ, ಹಾಸಿಗೆಯಲ್ಲಿ ಸುತ್ತಿದರೆ ಹೇಗೋ ಆದೀತು ಎಂದುಕೊಂಡರು.

ಆದರೆ ತಿರುಪತಿಗೆ ಹೋಗುವವರು ಊರವರ ಮುಡಿಪನ್ನೂ ಒಯ್ಯಬೇಕೆಂಬುದು ಆ ಸೀಮೆಯ ಪದ್ಧತಿ. ಒಲ್ಲೆ ಎನ್ನುವಂತಿಲ್ಲ. ಗೋಪಾಲಸ್ವಾಮಿ ದಕ್ಷಿಣೆಯ ಚೀಟಿ ಕೊಟ್ಟು ನಶ್ಯ ತರಲು ಹೋದವನು ಸುದ್ದಿಯನ್ನು ಬೀದಿಗೆಲ್ಲ ಹಂಚಿದ. ಮೊದಲು ಎದುರುಮನೆಯ ಜಾನಕಮ್ಮ ಬಂದರು. “ನಮ್ಮ ಶೇಷು ಹೆಸರಿಂದು. ಐದು ವರ್ಷದ್ದು. ನಿಮ್ಮ ಕೈಯಿಂದಲೇ ಹೋಗಬೇಕು, ಆಗ ಅವನೂ ನಿಮ್ಮ ಹಾಗೇ ಆಗ್ತಾನೆ.” ಹಿಂದೆಯೇ ಚೆಲುವಾಂಬ, ಅವರ ಹಿಂದೆ ಕೋಟೆ ಬೀದಿಯವರು. ಐದೂವರೆಗೆ ಬೀರಮ್ಮ ತನ್ನ ಗಂಟಿನ ಜೊತೆಗೆ, ಬಸ್ಸು ಹುಲಿಕೆರೆಯಲ್ಲಿ ನಿಂತಾಗ ಹತ್ತು ಮನೆಯವರು ಕೊಟ್ಟಿದ್ದ ಗಂಟುಗಳನ್ನೂ ತಂದು ಸುರಿದಳು.

“ನಿಮ್ಮನ್ನ ಬೆಳಿಗ್ಗೆ ಗುರುತೇ ಹಿಡೀಲಿಲ್ಲ ಬುದ್ಧಿ. ನಮ್ ಹೈದನೂ ನಿಮ್ಮಂಗೇ ಆಗ್ಲಿ ಅಂತಲೇ ಕಟ್ಟಿರೋದು” ಎಂದಳು. ಇದ್ದಿಲಿನಿಂದ ಕಪ್ಪಾದ ಅವರ ಉಗುರುಗಳನ್ನು ಮಾತ್ರ ಎರಡೆರಡು ಸಲ ನೋಡಿದಳು.

ಆರು ಗಂಟೆಗೆ ಜಗಲಿಯ ಮೇಲೆ ಮೂರು ಚಿಕ್ಕ ಗೋಣಿಮೂಟೆ ತುಂಬಿ ನಿಂತಿದ್ದವು. ಇಡೀ ಸೀಮೆಯ ಬಚ್ಚಿಟ್ಟ ಚಿಲ್ಲರೆಯೆಲ್ಲ ಒಂದೇ ಕಡೆ, ಒಬ್ಬನ ವಶದಲ್ಲಿ. ಬದುಕಿನಲ್ಲಿ ಮೊದಲ ಬಾರಿಗೆ ಅನಂತಸ್ವಾಮಿಗೆ ಎಣಿಸಬೇಕೆನಿಸಲಿಲ್ಲ. ಆ ಹೊತ್ತಿಗೆ ಸರಿಯಾಗಿ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಪುಟ್ಟಯ್ಯ ಬಂದ.

“ಬುದ್ಧಿ, ಹದಿನಾಲ್ಕಾಣೆ.”

“ಚಿಲ್ಲರೆ ಸಿಗಲಿಲ್ಲ ಪುಟ್ಟಯ್ಯ” ಎಂದರು ಅನಂತಸ್ವಾಮಿ, ಮೂಟೆಗಳಿಗೆ ಬೆನ್ನು ಕೊಟ್ಟು ನಿಂತು. “ನಾಳೆ ಬೆಳಿಗ್ಗೆ ನಿನ್ನ ಬಸ್ಸಿಗೇ ಬರ್ತೀನಿ. ಜೊತೆಗೆ ಈ ಸಾಮಾನಿದೆ.”

“ಏನ್ ಸಾಮಾನು?”

“ಕೊಬ್ಬರಿ.”

ಪುಟ್ಟಯ್ಯ ಒಂದು ಮೂಟೆಯ ಬಾಯಿ ಹಿಡಿದು ಎತ್ತಿದ. ಮೂಟೆ ಒಂದು ಗೇಣು ಏಳುವುದರೊಳಗೆ ಒಳಗಿನಿಂದ ಗಲ್ ಎಂದಿತು. ಅವನು ಅದನ್ನು ಮಗುವನ್ನು ಮಲಗಿಸುವಂತೆ ಮೆಲ್ಲಗೆ ಕೆಳಗಿಟ್ಟ. ಜಗಲಿಯ ತುದಿಯಲ್ಲಿ ಕೂತ. ಕೂತಲ್ಲಿಂದಲೇ ಉಳಿದೆರಡು ಮೂಟೆಗಳನ್ನೂ ತಟ್ಟಿ ನೋಡಿದ.

“ಬುದ್ಧಿ, ಬೆಳಿಗ್ಗೆ ಐವತ್ತು ರೂಪಾಯಿ ಬಹುಮಾನ ಅಂದ್ರಲ್ಲ. ಅದು ಮೂಟೆಗೆ ಐವತ್ತಾ, ಮೂರಕ್ಕೂ ಸೇರಿ ಐವತ್ತಾ?”

ಅನಂತಸ್ವಾಮಿ ಬಾಗಿಲ ಕಡೆ ತಿರುಗಿ ನೋಡಿದರು. ಒಳಗಡೆ ತಾಯಿ ಯಾರಿಗೋ, “ನನ್ನ ಮಗ ನಾಳೆ ತಿರುಪತಿಗೆ ಹೊರಡ್ತಾನೆ” ಎನ್ನುತ್ತಿದ್ದುದು ಕೇಳಿಸಿತು. ಅವರು ಸೊಂಟದಿಂದ ನೂರು ರೂಪಾಯಿಯ ನೋಟು ತೆಗೆದು ಅವನ ಕೈಯಲ್ಲಿಟ್ಟರು.

ಪುಟ್ಟಯ್ಯ ಈ ಸಲ ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ನಾಲ್ಕಾಗಿ ಮಡಿಸಿ ಒಳಜೇಬಿಗೆ ಹಾಕಿಕೊಂಡು ಎದ್ದ. ಅನಂತಸ್ವಾಮಿ ಚೀಲಕ್ಕೆ ಕೈ ಚಾಚಿದರು. ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

“ಇದು ನನ್ನ ಬಾಯಿಗಾಯ್ತು ಬುದ್ಧಿ. ಬಸ್ಸಿನ ಹದಿನಾಲ್ಕಾಣೆ ಅಂಗೇ ಐತೆ” ಎಂದು, ಬೆಳಿಗ್ಗೆ ಹಿಡಿ ತಿರುಗಿಸಲು ಸ್ವಲ್ಪ ಬೇಗ ಬರಬೇಕೆಂದು ಹೇಳಿ ಹೋದ.